ಬಾವನ ಮಂಡಿ, ನಾನು ನುಂಗಿದ ಮಾತು

ಹೋದ ತಿಂಗಳು ನನ್ನ ಸೊಂಟ ಹಿಡಿದುಕೊಂಡಿತು. ಬಾಸ್ಕೆಟ್‌ಬಾಲ್ ಆಡುವಾಗ ಹಿಡಿದುಕೊಂಡಿದ್ದರೆ ಹೇಳಿಕೊಳ್ಳಲಾದರೂ ಚೆನ್ನಾಗಿರುತ್ತಿತ್ತು. ಹಿಡಿದುಕೊಂಡದ್ದು ಗ್ಯಾಸ್ ಸಿಲಿಂಡರ್ ಎತ್ತುವಾಗ. ನನ್ನ ಹೆಂಡತಿ ಎಲ್ಲಿಂದಲೋ ನೀಲಗಿರಿ ಸೊಪ್ಪು ತರಿಸಿ, ನೀರಿಗೆ ಹಾಕಿ ಕುದಿಸಿ, ಟವಲು ಅದ್ದಿ ಬೆನ್ನಿನ ಮೇಲೆ ಹಾಕಿದಳು. ಆ ಘಾಟು ಮೂಗಿಗೆ ಹೊಡೆದ ಕೂಡಲೇ ನಾನು ಮುಖ ಆಚೆ ತಿರುಗಿಸಿಕೊಂಡೆ. ಬಿಸಿ ಹೆಚ್ಚಾಯಿತೇನೋ ಎಂದು ಅವಳು ಟವಲು ತೆಗೆದಳು. ಬಿಸಿ ಹೆಚ್ಚಾಗಿರಲಿಲ್ಲ. ಏಳು ವರ್ಷದ ಹಿಂದೆ ಹೊಸೂರಿನಲ್ಲಿ ನನ್ನ ಅಕ್ಕನ ಮನೆ ತುಂಬ ಇದೇ ವಾಸನೆ ಇತ್ತು. ಆಗ ಈ ಟವಲು ಬೀಳುತ್ತಿದ್ದದ್ದು ಮುನಿರಾಜು ಬಾವನ ಬಲ ಮಂಡಿಯ ಮೇಲೆ.

ಬಾವ ಜವಳಗಿರಿ ಕಡೆಯವರು. ಅವರ ಅಪ್ಪ ರಾಗಿ ಹೊಲದಲ್ಲಿ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಆನೆ ಕಾಯುತ್ತಿದ್ದರಂತೆ. ಮಗನಿಗೆ ಅಟ್ಟಣೆಯೇ ಬೇಡ, ನೆಲದ ಮೇಲೆ ನಿಂತರೂ ಆನೆ ಬರುವುದು ಕಾಣುತ್ತದೆ ಎಂದು ಊರವರು ತಮಾಷೆ ಮಾಡುತ್ತಿದ್ದರಂತೆ. ಅಷ್ಟು ಎತ್ತರ. ಆ ಎತ್ತರ ನೋಡಿಯೇ ಶಾಲೆಯ ಪಿ.ಟಿ. ಮೇಷ್ಟ್ರು ಕೈಗೆ ಚೆಂಡು ಕೊಟ್ಟರು, ಆ ಚೆಂಡು ನೋಡಿಯೇ ಹೊಸೂರಿನ ನಮ್ಮ ಫ್ಯಾಕ್ಟರಿಯವರು ಕರೆದು ಟೀಮಿಗೆ ಸೇರಿಸಿಕೊಂಡರು. ನಾನು ಅದೇ ಟೀಮಿನಲ್ಲಿ ಚೆಂಡು ತಂದು ಕೊಡುವವನು. ಕೊಟ್ಟರೆ ಬುಟ್ಟಿಗೆ ಹಾಕುವವರು ಅವರು. ರಿಂಗಿಗೆ ಬೆನ್ನು ಮಾಡಿ ನಿಂತು, ಚೆಂಡು ಕೈಗೆ ಬಂದದ್ದೇ ಬಲಗಾಲು ಊರಿ ಗಿರ್ರನೆ ತಿರುಗಿ ಹಾಕಿಬಿಡುತ್ತಿದ್ದರು. ಆ ತಿರುವನ್ನು ತಡೆದವರು ನಮ್ಮ ಕಡೆಯ ಫ್ಯಾಕ್ಟರಿ ಟೀಮುಗಳಲ್ಲಿ ಯಾರೂ ಇರಲಿಲ್ಲ. ಕೃಷ್ಣಗಿರಿಯಲ್ಲಿ ಮ್ಯಾಚು ಇದ್ದರೆ ಅದನ್ನು ನೋಡಲೆಂದೇ ಜನ ಬಸ್ಸು ಹತ್ತಿ ಬರುತ್ತಿದ್ದರು. ಇಂಥ ಗಂಡು ಸಿಕ್ಕಾನೇ ಎಂದು ನಾನೇ ಮುಂದೆ ನಿಂತು ನಮ್ಮ ಭಾಗ್ಯಕ್ಕನನ್ನು ಅವರಿಗೆ ಕೊಡಿಸಿದೆ. ಲಗ್ನಪತ್ರಿಕೆ ಕನ್ನಡ, ತಮಿಳು ಎರಡು ಭಾಷೆಯಲ್ಲಿ ಅಚ್ಚಾಯಿತು. ಅಕ್ಕ ಓದಿದ್ದು ಕೆಲಮಂಗಲದ ತಮಿಳು ಶಾಲೆಯಲ್ಲಿ, ನಾನು ಅಜ್ಜಿಯ ಊರಿನ ಕನ್ನಡ ಶಾಲೆಯಲ್ಲಿ. ತನ್ನದೇ ಮದುವೆಯ ಕಾಗದದಲ್ಲಿ ಕನ್ನಡದ ಭಾಗವನ್ನು ಅವಳಿಗೆ ನಾನು ಓದಿ ಹೇಳಬೇಕಾಯಿತು ಎಂದು ಇವತ್ತಿಗೂ ರೇಗಿಸುತ್ತೇನೆ.

ಫ್ಯಾಕ್ಟರಿ ಟೀಮಿನ ಒಂದು ವಿಚಿತ್ರ ಹೇಳಬೇಕು. ನನ್ನಂಥ ಸಾಧಾರಣ ಆಟಗಾರನನ್ನು ಆಟಕ್ಕೆ ಎಂದು ಯಾರೂ ಇಟ್ಟುಕೊಳ್ಳುವುದಿಲ್ಲ. ಐ.ಟಿ.ಐ. ಸರ್ಟಿಫಿಕೇಟು ನೋಡಿ ಮಿಷನ್ ಮುಂದೆ ನಿಲ್ಲಿಸಿದರು, ಮೂರನೇ ವರ್ಷಕ್ಕೆ ಪರ್ಮನೆಂಟ್ ಆದೆ. ಬಾವ ದೊಡ್ಡ ಆಟಗಾರ. ಅವರಿಗೆ ಮಿಷನ್ ಇಲ್ಲ, ಬೆಳಗ್ಗೆ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಹೆಸರಿಗೆ ಒಂದು ಕುರ್ಚಿ, ಮಧ್ಯಾಹ್ನ ಊಟವಾದ ಮೇಲೆ ಕೋರ್ಟು. ಕಾಂಟ್ರಾಕ್ಟು ವರ್ಷಕ್ಕೊಂದು. ಆಯುಧಪೂಜೆ ಹತ್ತಿರ ಬಂದಾಗ ಹೊಸ ಕಾಗದಕ್ಕೆ ಸಹಿ, ಹಬ್ಬದ ದಿನ ಕೋರ್ಟಿನ ಕಂಬದ ಬುಡದಲ್ಲಿ ಹೊಸ ಚೆಂಡಿಗೆ ಅರಿಶಿನ ಕುಂಕುಮ ಹಚ್ಚಿ ಬೂದುಗುಂಬಳ ಒಡೆಯುವುದು. ಒಡೆಯುವ ಕೈ ಯಾವಾಗಲೂ ಬಾವನದೇ. ಹತ್ತು ವರ್ಷ ಹೀಗೇ ನಡೆಯಿತು, ಹೀಗೇ ನಡೆಯುತ್ತದೆ ಎಂದು ಎಲ್ಲರೂ ನಂಬಿದ್ದೆವು.

ಆ ವರ್ಷ ಆಷಾಢದ ಗಾಳಿ ಜೋರಾಗಿತ್ತು. ಹೊಸೂರಿನ ಆಷಾಢದಲ್ಲಿ ಮಳೆ ಸುರಿಯುವುದಿಲ್ಲ, ಸೋನೆ ಹಿಡಿದುಕೊಂಡು ಮೈಗೆ ತಣ್ಣಗೆ ತಾಗುತ್ತಿರುತ್ತದೆ. ಸಿಮೆಂಟಿನ ಕೋರ್ಟು ಸದಾ ಒದ್ದೆ. ಬಾವನ ಮಂಡಿ ಊದಲು ಶುರುವಾದದ್ದು ಆಗ. ಡಾಕ್ಟರು ಎಕ್ಸ್‌ರೇ ಫಿಲ್ಮು ಎತ್ತಿ ಹಿಡಿದು ನೋಡಿ, ಸವೆದಿದೆ, ಇನ್ನು ಹಾರುವುದು ಕುಪ್ಪಳಿಸುವುದು ಬೇಡ ಎಂದರು. ಬಾವ ಆ ಮಾತನ್ನು ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬಂದರು. ಕೆಲಮಂಗಲದ ರಸ್ತೆಯ ನೀಲಗಿರಿ ತೋಪಿನಿಂದ ವಾರಕ್ಕೊಂದು ಚೀಲ ಸೊಪ್ಪು ತರುವುದು ನನ್ನ ಕೆಲಸವಾಯಿತು. ಬೆಳಗ್ಗೆ ಎದ್ದು ಅಕ್ಕ ಅದನ್ನು ಕುದಿಸುವಳು. ಬಾವ ಕುರ್ಚಿಯಲ್ಲಿ ಕೂತು, ಆ ಉದ್ದ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಶಾಖ ತೆಗೆದುಕೊಳ್ಳುತ್ತಾ ಬರುವ ವರ್ಷ ಯಾವ ಟೀಮನ್ನು ಹೇಗೆ ಹೊಡೆಯಬೇಕು ಎಂದು ಲೆಕ್ಕ ಹಾಕುವರು.

ಅದೇ ಹೊತ್ತಿಗೆ ಟೀಮಿಗೆ ಅರುಳ್ ಬಂದ. ಕೃಷ್ಣಗಿರಿಯವನು, ಆಗಷ್ಟೇ ಡಿಗ್ರಿ ಮುಗಿಸಿದವನು. ಬಾವನಷ್ಟು ಎತ್ತರವಿಲ್ಲ, ಆದರೆ ಬಾವ ತಿರುಗುವಷ್ಟರಲ್ಲಿ ಆ ತುದಿಗೆ ಹೋಗಿ ಈ ತುದಿಗೆ ಬರುತ್ತಿದ್ದ. ಒಳ್ಳೆಯವನು. ಬಾವನನ್ನು ಅಣ್ಣ ಎನ್ನುತ್ತಿದ್ದ, ಅವರ ನೀರಿನ ಬಾಟಲಿಯನ್ನು ತಾನೇ ತುಂಬಿ ತರುತ್ತಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಎಂದು ನಾನು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ.

ಶ್ರಾವಣದಲ್ಲಿ ಒಂದು ದಿನ ವೇಲು ಸಾರ್ ನನ್ನನ್ನು ಕ್ಯಾಂಟೀನಿನ ಹಿಂದೆ ಕರೆದರು. ಆಫೀಸಿನಲ್ಲಿ ನೌಕರರ ಕಾಗದಪತ್ರ ನೋಡುವವರು ಅವರೇ, ಟೀಮಿನ ಉಸ್ತುವಾರಿಯೂ ಅವರದೇ. ಧರ್ಮಪುರಿಯವರು, ನಮ್ಮ ಜೊತೆ ತಮಿಳಿನಲ್ಲೇ ಮಾತು. ಟೀ ಕೊಡಿಸಿ ವಿಷಯ ಹೇಳಿದರು. ಸ್ಟೋರ್ಸ್‌ನಲ್ಲಿ ಒಂದು ಪರ್ಮನೆಂಟ್ ಜಾಗ ಖಾಲಿಯಾಗುತ್ತಿದೆ. ಅದನ್ನು ಮುನಿರಾಜುಗೆಂದು ಹಿಡಿದಿಟ್ಟುಕೊಂಡಿದ್ದೇನೆ. ಆದರೆ ಆಟ ಸಾಕು, ನನಗೆ ಕೆಲಸ ಕೊಡಿ ಎಂದು ಅವನೇ ಒಂದು ಕಾಗದ ಬರೆದುಕೊಡಬೇಕು, ಅದೂ ಈ ತಿಂಗಳೊಳಗೆ. ಆಟಗಾರನಿಗೆ ಆಟ ಬಿಡು ಎಂದು ನಾನು ಹೇಳುವ ಹಾಗಿಲ್ಲ, ಜಿ.ಎಂ. ಸಾಹೇಬರಿಗೆ ಅವನ ಆಟವೆಂದರೆ ಪ್ರಾಣ. ತಿಂಗಳ ಕೊನೆಯ ಶನಿವಾರ ಪ್ರಾಕ್ಟೀಸ್ ಮ್ಯಾಚು ನೋಡಲು ಅವರು ಬರುತ್ತಾರೆ. ಅವತ್ತು ಅವನು ನಾಲ್ಕು ಬುಟ್ಟಿ ಹಾಕಿಬಿಟ್ಟರೆ ಇನ್ನೊಂದು ವರ್ಷ ಆಡಲಿ ಅನ್ನುತ್ತಾರೆ. ಸ್ಟೋರ್ಸ್ ಜಾಗ ಬೇರೆಯವರಿಗೆ ಹೋಗುತ್ತದೆ. ಆ ಇನ್ನೊಂದು ವರ್ಷವಾದ ಮೇಲೆ ಅವನಿಗೆ ಏನೂ ಇರುವುದಿಲ್ಲ.

ನೀನು ಮನೆಯವನು, ನೀನು ಹೇಳಿದರೆ ಕೇಳುತ್ತಾನೆ ಎಂದರು ವೇಲು ಸಾರ್.

ಅವರಿಗೆ ಗೊತ್ತಿಲ್ಲದ್ದು ಅದೇ. ಮನೆಯವನಾದ್ದರಿಂದಲೇ ನಾನು ಹೇಳುವಂತಿರಲಿಲ್ಲ. ನಮ್ಮ ಕಡೆ ಮದುವೆಯ ದಿನ ಗಂಡನ್ನು ಹಸೆಮಣೆಗೆ ಕರೆಯುವಾಗ ಹೆಣ್ಣಿನ ತಮ್ಮ ಅವನ ಕಾಲು ತೊಳೆಯಬೇಕು. ಬಾವನ ಕಾಲು ತೊಳೆದವನು ನಾನು. ತಟ್ಟೆಯಲ್ಲಿ ಆ ಪಾದಗಳು ಹಿಡಿಸಲಿಲ್ಲ, ಒಂದೊಂದಾಗಿ ಇಟ್ಟು ತೊಳೆದೆ, ಎಲ್ಲರೂ ನಕ್ಕಿದ್ದರು. ಅಂದಿನಿಂದ ಬಾವ ಕೂತಲ್ಲಿ ನಾನು ಕಾಲಿನ ಮೇಲೆ ಕಾಲು ಹಾಕಿ ಕೂತವನಲ್ಲ. ಹಾಗೆ ತೊಳೆದ ಕಾಲನ್ನು ಈಗ, ಇದು ಮುಗಿಯಿತು ಬಾವ, ಮಡಚಿ ಇಡಿ ಎಂದು ಯಾವ ಬಾಯಲ್ಲಿ ಹೇಳಲಿ?

ಆದರೂ ಹೋದೆ. ಸುಳ್ಳು ಹೇಳಬಾರದು, ಎರಡು ಸಲ ಹೋದೆ. ಮೊದಲ ಸಲ ಅಕ್ಕ ಮುದ್ದೆ, ಹುರುಳಿಕಾಳಿನ ಸಾರು ಮಾಡಿದ್ದಳು. ಉಂಡು ಕೈ ತೊಳೆದ ಮೇಲೆ ಹೇಳೋಣವೆಂದುಕೊಂಡೆ. ಕೈ ತೊಳೆಯುವಷ್ಟರಲ್ಲಿ ಬಾವ ತಮ್ಮ ಹಳೆಯ ಬೂಟನ್ನು ತೋರಿಸಿ, ಈ ಸಲ ಕಾಂಟ್ರಾಕ್ಟು ಆದ ಮೇಲೆ ಹೊಸದು ಕೊಳ್ಳಬೇಕು ಎಂದರು. ಎದ್ದು ಬಂದೆ. ಎರಡನೇ ಸಲ ಬಾವ ಇರಲಿಲ್ಲ. ಅಕ್ಕ ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಟೀಮ್ನಾಗೆ ಏನಾದ್ರೂ ಅಂತಾವ್ರೇನ್ಲಾ ನಿಮ್ ಬಾವನ್ನ?" ಎಂದು ಕೇಳಿದಳು. "ರಾತ್ರಿ ನಿದ್ದೇನಾಗೂ ಕಾಲು ಆಡಿಸ್ತಾರೆ ಕಣ್ಲಾ. ಆಟ ತಪ್ಪೋದ್ರೆ ಮನ್ಸ ಮನ್ಸನಾಗಿರಲ್ಲ."

ಯಾರೂ ಏನೂ ಅನ್ನುತ್ತಿಲ್ಲ ಎಂದೆ. ಅವತ್ತು ಅಕ್ಕನಿಗಾದರೂ ಹೇಳಬಹುದಿತ್ತು. ಅವಳು ಗಟ್ಟಿಗಿತ್ತಿ, ಒಂದು ರಾತ್ರಿ ಅತ್ತು ಮಾರನೇ ಬೆಳಗ್ಗೆ ಗಂಡನ ಕೈಯಲ್ಲಿ ತಾನೇ ಕಾಗದ ಬರೆಸುತ್ತಿದ್ದಳು. ಅದು ಈಗ ಹೊಳೆಯುತ್ತದೆ. ಆಗ ನನಗೆ ಹೊಳೆದದ್ದು ಬೇರೆ. ಮಾತಾಡದೆಯೇ ಬಾವನನ್ನು ಉಳಿಸಿಬಿಡಬಹುದು ಎಂದುಕೊಂಡೆ. ಶನಿವಾರ ಬಾವ ಚೆನ್ನಾಗಿ ಆಡಿದರೆ ಆಯಿತಲ್ಲ, ಒಂದು ವರ್ಷ ಸಿಗುತ್ತದೆ, ವರ್ಷದಲ್ಲಿ ಮಂಡಿ ವಾಸಿಯಾಗುತ್ತದೆ, ಇನ್ನೊಂದು ಜಾಗ ಖಾಲಿಯಾಗುತ್ತದೆ. ಹೇಡಿಗೆ ಉಪಾಯಗಳು ಬೇಗ ಹೊಳೆಯುತ್ತವೆ.

ಆ ಶನಿವಾರ ಸೋನೆ ನಿಂತು ಬಿಸಿಲು ಬಂದಿತ್ತು. ಕೋರ್ಟಿನ ಸುತ್ತ ಮನೆಯವರನ್ನೂ ಬಿಟ್ಟಿದ್ದರು. ಅಕ್ಕ ಹಸಿರು ಸೀರೆ ಉಟ್ಟು ಬೇಲಿ ಹತ್ತಿರ ನಿಂತಿದ್ದಳು. ನಮ್ಮ ಟೀಮನ್ನೇ ಎರಡು ಮಾಡಿದ್ದರು. ನಾನೂ ಬಾವನೂ ಒಂದು ಕಡೆ, ಬಾವನನ್ನು ತಡೆಯಬೇಕಾದ ಅರುಳ್ ಇನ್ನೊಂದು ಕಡೆ. ಆಟಕ್ಕೆ ಮುಂಚೆ ಬೂಟಿನ ದಾರ ಕಟ್ಟುವ ನೆಪದಲ್ಲಿ ಅರುಳ್ ಪಕ್ಕ ಕೂತು, ತಲೆ ಎತ್ತದೆ ತಮಿಳಿನಲ್ಲಿ ಹೇಳಿದೆ: "ಅಣ್ಣನೈ ವಿಟ್ಟುಡು." ಅಣ್ಣನನ್ನು ಬಿಟ್ಟುಬಿಡು, ಅಷ್ಟೇ. ಅವನು ನನ್ನ ಮುಖ ನೋಡಿದ, ಬೇಲಿಯ ಹತ್ತಿರ ನಿಂತಿದ್ದ ಅಕ್ಕನನ್ನು ನೋಡಿದ, ತಲೆಯಾಡಿಸಿದ.

ಮೊದಲ ಚೆಂಡು ಕೊಟ್ಟೆ. ಬಾವ ಬೆನ್ನು ಮಾಡಿ ನಿಂತರು, ತಿರುಗಿದರು. ಆ ತಿರುವಿನಲ್ಲಿ ಮೊದಲಿನ ಗಿರ್ರು ಇರಲಿಲ್ಲ, ಬಾಗಿಲ ಕೀಲಿಗೆ ತುಕ್ಕು ಹಿಡಿದ ಹಾಗಿತ್ತು. ಆದರೂ ಚೆಂಡು ಬುಟ್ಟಿಗೆ ಬಿತ್ತು. ಎರಡನೆಯದು ಕೊಟ್ಟೆ, ಅದೂ ಬಿತ್ತು. ಮೂರನೆಯದಕ್ಕೆ ಅರುಳ್ ಕೈಯನ್ನೇ ಎತ್ತಲಿಲ್ಲ. ಆಮೇಲೆ ನಾನು ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಒಬ್ಬನನ್ನು ನೋಡಿ ಒಬ್ಬ, ಎದುರು ಕಡೆಯ ಐದೂ ಜನ ಬಾವನಿಗೆ ದಾರಿ ಬಿಡತೊಡಗಿದರು. ಎಲ್ಲರಿಗೂ ಅವರು ಆಟ ಹೇಳಿಕೊಟ್ಟವರು, ಎಲ್ಲರ ಮನೆಯ ನಾಮಕರಣಕ್ಕೂ ಹೋಗಿ ಬಂದವರು. ಯಾರಿಗೂ ಅದು ಮೋಸ ಅನ್ನಿಸಲಿಲ್ಲ, ಮರ್ಯಾದೆ ಅನ್ನಿಸಿತು. ಜಿ.ಎಂ. ಸಾಹೇಬರು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ಅಕ್ಕ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ನಿಂತಿದ್ದಳು. ವೇಲು ಸಾರ್ ಮಾತ್ರ ಆಟ ನೋಡಲಿಲ್ಲ, ಕೊನೆಯವರೆಗೂ ನನ್ನನ್ನೇ ನೋಡುತ್ತಿದ್ದರು. ನಾನು ಅವರ ಕಡೆ ತಿರುಗಲಿಲ್ಲ. ಅವತ್ತು ನನಗೆ ಸಂತೋಷವಾಗಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಮುಂದಿನ ವಾರ ಕಾಂಟ್ರಾಕ್ಟು ಬಂತು. ಇಂಗ್ಲಿಷಿನದರ ಜೊತೆಗೆ ತಮಿಳಿನಲ್ಲೂ ಒಂದು ಪ್ರತಿ ಇತ್ತು. ಅಕ್ಕ ದೀಪದ ಮುಂದೆ ಇಟ್ಟು ಜೋರಾಗಿ ಓದಿದಳು. ಒಂದು ವರ್ಷ ಎನ್ನುವ ಕಡೆ ಅವಳ ದನಿ ಇನ್ನೂ ಜೋರಾಯಿತು. ಆಯುಧಪೂಜೆಗೆ ಬಾವ ಬೂದುಗುಂಬಳವನ್ನು ಒಂದೇ ಏಟಿಗೆ ಒಡೆದರು. ಸ್ಟೋರ್ಸ್ ಜಾಗಕ್ಕೆ ಬಾಗಲೂರು ಕಡೆಯವನೊಬ್ಬ ಬಂದ. ಇವತ್ತಿಗೂ ಅವನು ಅಲ್ಲೇ ಇದ್ದಾನೆ. ಬೋಲ್ಟು ಬೇಕೆಂದು ಚೀಟಿ ಹಿಡಿದು ಹೋದಾಗಲೆಲ್ಲ ಆ ಕಿಟಕಿಯಲ್ಲಿ ಬಾವನ ತಲೆ ಎಷ್ಟು ಎತ್ತರಕ್ಕೆ ಬರುತ್ತಿತ್ತು ಎಂದು ನಾನು ನೋಡಿಕೊಳ್ಳುತ್ತೇನೆ.

ಆಮೇಲಿನದು ಬೇಗ ನಡೆದುಹೋಯಿತು. ಪ್ರಾಕ್ಟೀಸಿನಲ್ಲಿ ಬಿಟ್ಟುಕೊಟ್ಟದ್ದನ್ನು ನಿಜವಾದ ಮ್ಯಾಚಿನಲ್ಲಿ ಬೇರೆ ಟೀಮಿನವರು ಯಾಕೆ ಬಿಟ್ಟುಕೊಡುತ್ತಾರೆ? ಕಾರ್ತೀಕದ ಹೊತ್ತಿಗೆ ಮೊದಲ ಐವರಲ್ಲಿ ಬಾವನ ಹೆಸರು ಇರಲಿಲ್ಲ. ಬೆಂಚಿನಲ್ಲಿ ಕೂತು, ಟವಲು ಮಂಡಿಯ ಮೇಲೆ ಹಾಕಿಕೊಂಡು, ಕರೆಯುತ್ತಾರೇನೋ ಎಂದು ಕೋಚ್ ಕಡೆ ನೋಡುತ್ತಿರುವರು. ಒಮ್ಮೊಮ್ಮೆ ಆಟ ಮುಗಿಯುವ ಮುಂಚೆ ನಾಲ್ಕು ನಿಮಿಷ ಇಳಿಸುವರು. ಹೊಸ ಹುಡುಗರಿಗೆ ಹೇಳಿಕೊಡಲು ಇಟ್ಟುಕೊಳ್ಳುತ್ತಾರಂತೆ ಎಂದು ಒಂದು ತಿಂಗಳು ಸುದ್ದಿ ಇತ್ತು, ಇಲ್ಲವಂತೆ ಎಂದು ಇನ್ನೊಂದು ತಿಂಗಳು. ತಾನು ಆಟಗಾರನೋ, ಹೇಳಿಕೊಡುವವನೋ, ಸುಮ್ಮನೆ ಬಂದು ಹೋಗುವವನೋ ಎನ್ನುವುದು ಅವರಿಗೆ ಗೊತ್ತಿರಲಿಲ್ಲ, ಕೇಳುವ ಸ್ವಭಾವವೂ ಅವರದಲ್ಲ. ಮನೆಗೆ ಬಂದ ಮೇಲೆ ಅಕ್ಕ ಎಷ್ಟು ಹಾಕಿದಿರಿ ಎಂದು ಕೇಳುವುದನ್ನು ಬಿಟ್ಟಿದ್ದಳು.

ಮಾವಿನ ಕಾಲದಲ್ಲಿ ಕೃಷ್ಣಗಿರಿಯಲ್ಲಿ ಟೂರ್ನಮೆಂಟು. ಬಸ್ ಸ್ಟ್ಯಾಂಡಿನಿಂದ ಗ್ರೌಂಡಿನವರೆಗೆ ರಸ್ತೆಯ ಎರಡೂ ಕಡೆ ಹಣ್ಣಿನ ರಾಶಿ. ಎರಡನೇ ಮ್ಯಾಚಿನಲ್ಲಿ ಅರುಳ್ ಕೈಗೆ ಪೆಟ್ಟು ಬಿದ್ದು ಬಾವನನ್ನು ಇಳಿಸಿದರು. ನಾನು ಚೆಂಡು ಕೊಟ್ಟೆ, ಹತ್ತು ವರ್ಷ ಕೊಟ್ಟ ಹಾಗೆಯೇ. ಬಾವ ಬೆನ್ನು ಮಾಡಿ ನಿಂತರು. ಹಿಂದೆ ಇದ್ದವನು ಸೇಲಂ ಕಡೆಯ ಟೀಮಿನವನು, ಅವನಿಗೆ ಇವರು ಯಾರೆಂದೇ ಗೊತ್ತಿರಲಿಲ್ಲ. ಬಲಗಾಲು ಊರಿ ತಿರುಗುವಾಗ ಮಂಡಿ ಒಳಕ್ಕೆ ಕುಸಿಯಿತು. ಅಷ್ಟು ದೊಡ್ಡ ದೇಹ ಬಿದ್ದ ಸದ್ದು ಗ್ರೌಂಡಿಗೆಲ್ಲ ಕೇಳಿಸಿತು. ಅಂಕಲ್‌ನ ಎತ್ತಿಕೊಂಡು ಹೋಗಿ ಎಂದು ಯಾರೋ ಕೂಗಿದರು, ಒಂದಿಬ್ಬರು ನಕ್ಕರು. ನಾನೂ ಅರುಳೂ ಹೆಗಲು ಕೊಟ್ಟು ಆಚೆ ತಂದೆವು. ಕಾಂಟ್ರಾಕ್ಟು ಬಂದ ಮೇಲೆ ಕೊಂಡ ಹೊಸ ಬೂಟು ಇನ್ನೂ ಹೊಸದಾಗಿಯೇ ಇತ್ತು.

ಆಪರೇಷನ್ ಆಯಿತು, ಬಾವ ಎದ್ದು ಓಡಾಡಿದರು. ಆದರೆ ಮರುವರ್ಷ ಆಯುಧಪೂಜೆಗೆ ಕಾಂಟ್ರಾಕ್ಟು ಬರಲಿಲ್ಲ. ಜಿ.ಎಂ. ಸಾಹೇಬರು ಅಷ್ಟರಲ್ಲಿ ಬೇರೆ ಊರಿಗೆ ಹೋಗಿಯಾಗಿತ್ತು. ವೇಲು ಸಾರ್ ನನ್ನನ್ನು ಕರೆಯಲೂ ಇಲ್ಲ, ಬೈಯಲೂ ಇಲ್ಲ. ಹಬ್ಬದ ದಿನ ಕಂಬದ ಹತ್ತಿರ ಕುಂಬಳಕಾಯಿ ಹಿಡಿದುಕೊಂಡು ಅರುಳ್ ನಿಂತಿದ್ದ, ಒಡೆಯಲು ಅವನಿಗೆ ಕೈ ಬರಲಿಲ್ಲ. ಕೊನೆಗೆ ವಾಚ್‌ಮನ್ ಒಡೆದ.

ಬಾವ ಈಗ ತಳಿ ರಸ್ತೆಯಲ್ಲಿ ಒಂದು ಗುಲಾಬಿ ತೋಟದಲ್ಲಿದ್ದಾರೆ. ಪ್ಲಾಸ್ಟಿಕ್ ಹೊದಿಸಿದ ಆ ದೊಡ್ಡ ಹಸಿರುಮನೆಗಳಲ್ಲಿ ಮೇಲಿನ ತಂತಿ ಕಟ್ಟಲು ಉಳಿದವರಿಗೆ ಏಣಿ ಬೇಕು, ಅವರಿಗೆ ಬೇಡ. ಮಧ್ಯಾಹ್ನ ಶೆಡ್ಡಿನಲ್ಲಿ ಕೂತು ಹೂವಿನ ಕಡ್ಡಿಗಳನ್ನು ಅಳತೆಯ ಗೀಟು ಹಾಕಿದ ಹಲಗೆಗೆ ಹಿಡಿದು, ಉದ್ದದ್ದು ಒಂದು ಕಡೆ, ಗಿಡ್ಡದ್ದು ಒಂದು ಕಡೆ ಹಾಕುತ್ತಾರೆ. ಉದ್ದದ್ದು ವಿಮಾನ ಹತ್ತುತ್ತದೆ, ಗಿಡ್ಡದ್ದು ಹೊಸೂರು ಮಾರ್ಕೆಟ್ಟಿಗೆ. ಇಲ್ಲೂ ಉದ್ದ ಇರೋರ್ಗೇ ಬೆಲೆ ಕಣ್ಲಾ ಎಂದು ಒಮ್ಮೆ ನಕ್ಕಿದ್ದರು. ಈಗಲೂ ವರ್ಷಕ್ಕೊಮ್ಮೆ ಹೇಳುತ್ತಾರೆ ಆ ಮಾತು, ನಾನು ವರ್ಷಕ್ಕೊಮ್ಮೆ ನಗುತ್ತೇನೆ.

ಸೊಂಟ ಸ್ವಲ್ಪ ಸರಿಯಾದ ಮೇಲೆ, ಹೋದ ಭಾನುವಾರ, ಆ ವಾಸನೆಯನ್ನು ಇನ್ನು ತಡೆಯಲಾರೆ ಅನ್ನಿಸಿ ತೋಟಕ್ಕೆ ಹೋದೆ. ಬಾವ ಒಬ್ಬರೇ ಶೆಡ್ಡಿನಲ್ಲಿ ಹೂವು ಬೇರ್ಪಡಿಸುತ್ತಿದ್ದರು. ಎದುರಿಗೆ ಕೂತು, ಆ ಪ್ರಾಕ್ಟೀಸ್ ಮ್ಯಾಚಿನ ದಿನ ನಿಮ್ಮನ್ನು ಬಿಟ್ಟುಬಿಡು ಎಂದು ಅರುಳ್‌ಗೆ ಹೇಳಿದವನು ನಾನೇ ಎಂದೆ. ಬಾವ ಕೈ ನಿಲ್ಲಿಸಲೂ ಇಲ್ಲ.

"ಗೊತ್ತು ಕಣ್ಲಾ. ಮೂರ್ನೇ ಸಲ ಹಾಕ್ದಾಗ್ಲೇ ಗೊತ್ತಾಯ್ತು, ಆ ಹುಡ್ಗ ಕೈನೇ ಎತ್ಲಿಲ್ಲ. ಸಾಕು, ನಿಲ್ಸ್ಬುಡಾನ ಅಂದ್ಕಂಡೆ. ನಿಮ್ಮಕ್ಕ ನಿಂತ್ಕಂಡು ನೋಡ್ತಿದ್ಲು. ಅವ್ಳ ಮುಂದೆ ನಿಲ್ಸಕ್ಕೆ ಆಗ್ಲಿಲ್ಲ."

ಹೀಗೆಂದು ನಕ್ಕರು. ಏಳು ವರ್ಷ ಹಿಂದೆಯೇ ನನ್ನನ್ನು ಕ್ಷಮಿಸಿಬಿಟ್ಟಿದ್ದರು. ಅಲ್ಲಿಗೇ ಎದ್ದು ಬರಬಹುದಿತ್ತು. ಆದರೆ ಅವರು ಕ್ಷಮಿಸಿದ್ದು ಸಣ್ಣ ತಪ್ಪನ್ನು, ದೊಡ್ಡದು ಇನ್ನೂ ನನ್ನ ಹೊಟ್ಟೆಯಲ್ಲೇ ಇತ್ತು.

"ಬಾವ, ನಿಮ್ಗೆ ಸ್ಟೋರ್ಸಲ್ಲಿ ಪರ್ಮನೆಂಟ್ ಜಾಗ ಇಟ್ಟಿದ್ರು," ಎಂದೆ. "ವೇಲು ಸಾರ್ ನನ್ ಕೈಲಿ ಹೇಳಿ ಕಳ್ಸಿದ್ರು. ಒಂದ್ ಕಾಗ್ದ ಬರ್ಕೊಟ್ಟಿದ್ರೆ ಸಾಕಿತ್ತು. ನಾನು ಹೇಳ್ಲಿಲ್ಲ."

ತಿಂಗಳ ಗಡುವು, ಎರಡು ಸಲ ಮನೆಗೆ ಬಂದು ಹಿಂದಕ್ಕೆ ಹೋದದ್ದು, ಕಾಲು ತೊಳೆದದ್ದು, ಎಲ್ಲವನ್ನೂ ಹೇಳಿದೆ. ಬಾವನ ಕೈಯಲ್ಲಿ ಒಂದು ಕೆಂಪು ಗುಲಾಬಿ ಇತ್ತು. ಹಲಗೆಗೆ ಹಿಡಿದರು. ಎಲ್ಲಕ್ಕಿಂತ ಉದ್ದದ ಗೀಟನ್ನೂ ಮೀರಿದ ಕಡ್ಡಿ ಅದು. ಅದನ್ನು ಗಿಡ್ಡದ್ದರ ರಾಶಿಗೆ ಹಾಕಿದರು. ನಾನು ನೋಡಿದೆ, ಆದರೆ ತೆಗೆದು ಉದ್ದದ್ದರ ಕಡೆ ಇಡಲು ಹೋಗಲಿಲ್ಲ.

"ನಿಮ್ಮಕ್ಕಂಗೆ ಗೊತ್ತಾ?" ಎಂದು ಕೇಳಿದರು.

ಇಲ್ಲ ಎಂದೆ.

ಹಲಗೆಯ ಮೇಲೆ ಬಿದ್ದಿದ್ದ ಎಲೆಗಳನ್ನು ಕೈಯಿಂದ ಸರಿಸಿದರು. ಆಮೇಲೆ ಹೇಳಿದರು: "ಹೇಳ್ಬ್ಯಾಡ. ಅವ್ಳಿಗಿರೋನು ನೀನೊಬ್ನೇ ತಮ್ಮ."

ಅಷ್ಟೇ. ಬೈದಿದ್ದರೆ, ಎದ್ದು ಕೆನ್ನೆಗೆ ಒಂದು ಬಿಟ್ಟಿದ್ದರೆ, ನಾನು ಇವತ್ತು ಇಷ್ಟು ಒದ್ದಾಡುತ್ತಿರಲಿಲ್ಲ. ಯಾವಾಗ ಹೋದರೂ ಬಸ್ಸಿನವರೆಗೆ ಜೊತೆಗೆ ಬರುವವರು, ಅವತ್ತು ಕೆಲಸ ಇದೆ, ನೀನು ಹೊರಡು ಎಂದರು. ರಸ್ತೆಗೆ ಬಂದು ತಿರುಗಿ ನೋಡಿದರೆ ಇನ್ನೂ ಆ ಹಲಗೆಯ ಮುಂದೆಯೇ ಕೂತಿದ್ದರು, ಕೈಯಲ್ಲಿ ಹೂವಿರಲಿಲ್ಲ.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಬಾವ ನಾಲ್ಕು ದಿನದಿಂದ ಸರಿಯಾಗಿ ಮಾತಾಡುತ್ತಿಲ್ಲವಂತೆ, ಮಂಡಿ ನೋವು ಮತ್ತೆ ಎದ್ದಿರಬೇಕು, ಬರುವಾಗ ತೋಪಿನಿಂದ ಒಂದು ಚೀಲ ಸೊಪ್ಪು ತಾ ಎಂದಳು. ತರುತ್ತೇನೆ ಎಂದೆ. ಎಲ್ಲಾದರೂ ಒಂದು ಕಡೆ ಇದನ್ನು ಇಳಿಸಿಬಿಡಬೇಕು ಅನ್ನಿಸಿ ಬರೆಯಲು ಕೂತೆ. ತಮಿಳಿನಲ್ಲೂ ನಾನು ಚೆನ್ನಾಗಿಯೇ ಬರೆಯುತ್ತೇನೆ, ಫ್ಯಾಕ್ಟರಿಯ ಅರ್ಜಿಗಳೆಲ್ಲ ನನ್ನ ಕೈಯವೇ. ಆದರೆ ಅಕ್ಕನಿಗೆ ಕನ್ನಡ ಓದಲು ಬಾರದು. ಅದಕ್ಕೇ ಕನ್ನಡದಲ್ಲಿ ಬರೆದೆ.